ಬಾಗಿನದ ಕಾಡಿಗೆ

"ಸೀಸ ಎಲ್ಲಿಂದ ಬಂತು?"

ರಂಜನಿ ಕೇಳಿದ್ದು ಯಾರನ್ನೂ ಅಲ್ಲ. ಡಾಕ್ಟರ ಫೋನು ಆಗಷ್ಟೇ ಮುಗಿದಿತ್ತು. ಫ್ರಿಜ್ಜಿಗೆ ಬೆನ್ನು ಕೊಟ್ಟು, ಕಪ್ಪಾದ ಪರದೆಯನ್ನೇ ನೋಡುತ್ತ ನಿಂತಿದ್ದಳು. ಒಂದೂವರೆ ವರ್ಷದ ಮಗ ಸುಮುಖನ ರಕ್ತದಲ್ಲಿ ಇರಬಾರದಷ್ಟು ಸೀಸ ಇದೆಯಂತೆ. ಅವನಿಗೆ ಮೊಸರನ್ನ ತಿನ್ನಿಸುತ್ತಿದ್ದ ತುಳಸಿಯ ಕೈ ಅರ್ಧದಲ್ಲೇ ನಿಂತಿತು. ಅವನು ತಾನೇ ಬಗ್ಗಿ ತುತ್ತನ್ನು ಕಚ್ಚಿಕೊಂಡ.

ತುಳಸಿ ಧಾರವಾಡದ ಬಾಲವಾಡಿಯೊಂದರಲ್ಲಿ ಟೀಚರಾಗಿದ್ದವಳು. ಮನೆಯವರ ಜೊತೆ ಮನೆಯವಳಾಗಿದ್ದು ಮಗು ನೋಡಿಕೊಳ್ಳುವ ಓ ಪೇರ್ ಕೆಲಸಕ್ಕೆಂದು ಏಜೆನ್ಸಿಯೊಂದರ ಮೂಲಕ ಅಮೆರಿಕದ ಫ್ರಿಸ್ಕೋ ಊರಿನ ಈ ಮನೆಗೆ ಬಂದಿದ್ದಳು. "ಕೆಲಸದವಳು ಅಂತ ಯಾರಂದ್ರು? ನೀನು ನನ್ನ ತಂಗಿ ಕಣೇ" ಎಂದು ರಂಜನಿ ಏರ್‌ಪೋರ್ಟಿನಲ್ಲೇ ಅಪ್ಪಿಕೊಂಡಿದ್ದಳು.

"ಹಳೇ ಪೇಂಟ್ ಇದೆಯಾ ಅಂದ್ರು. ನಿನ್ನೆ ಮೊನ್ನೆ ಕಟ್ಟಿದ ಮನೆ, ಎಲ್ಲಿಂದ ಬರಬೇಕು ಹಳೇ ಪೇಂಟು? ಆಟದ ಸಾಮಾನು ಕೇಳಿದ್ರು, ಅರಿಶಿನ, ಮಸಾಲೆ ಪುಡಿ..." ಬೆರಳು ಮಡಚುತ್ತಿದ್ದ ರಂಜನಿ ಮಗನ ಮುಖ ನೋಡಿ ಮಾತು ತಡೆದಳು. "ಕಾಡಿಗೆ."

ಇಬ್ಬರೂ ಅವನನ್ನೇ ನೋಡಿದರು. ಎರಡು ಕಣ್ಣಿಗೂ ತೀಡಿದ ಕಾಡಿಗೆ, ಕೆನ್ನೆಗೊಂದು ದೃಷ್ಟಿಬೊಟ್ಟು. ಎಲ್ಲರ ಕಣ್ಣು ತನ್ನ ಮೇಲಿದೆಯೆಂದು ಅವನಿಗೆ ಖುಷಿ. ನಗುತ್ತ ಕಣ್ಣು ಹೊಸಕಿ, ಅದೇ ಬೆರಳನ್ನು ಬಾಯಿಗಿಟ್ಟುಕೊಂಡ. ತುಳಸಿ ಬೆರಳನ್ನು ಎಳೆದು ತೆಗೆದು ತನ್ನ ವೇಲಿನಿಂದ ಮುಖ ಒರೆಸಿದಳು. ಕಪ್ಪು ಹೋಗಲಿಲ್ಲ, ಹರಡಿತು. ಅವನು ಅಳತೊಡಗಿದ.

ಗೌರಿ ಹಬ್ಬಕ್ಕೆ ರಂಜನಿಯ ಅತ್ತೆ ಮೈಸೂರಿನಿಂದ ಕಳಿಸಿದ ಬಾಗಿನದಲ್ಲಿ ಬಳೆ, ಕನ್ನಡಿ, ಬಾಚಣಿಗೆಯ ಜೊತೆ ಎರಡು ಕಾಡಿಗೆ ಡಬ್ಬಿಗಳಿದ್ದವು. ರಂಜನಿ ಲೆನ್ಸ್ ಹಾಕುವವಳು, ಕಾಡಿಗೆ ಮುಟ್ಟುತ್ತಿರಲಿಲ್ಲ. ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಒಂದನ್ನು ಮಗನಿಗೆಂದು ಎತ್ತಿಟ್ಟು, ಇನ್ನೊಂದನ್ನು ಅಂಗೈಯಲ್ಲಿಟ್ಟು ತುಳಸಿಯ ಮುಂದೆ ಹಿಡಿದಿದ್ದಳು. "ನನಗ್ಯಾಕ್ರಿ, ಒಲ್ಲೆರಿ ಅಕ್ಕಾರ" ಎಂದಾಗ ನಕ್ಕುಬಿಟ್ಟಿದ್ದಳು. "ಬಾಗಿನಾನ ಒಲ್ಲೆ ಅನ್ನಬಾರದು ಕಣೇ. ಗೌರಮ್ಮನೇ ಕೊಟ್ಲು ಅನ್ಕೋ." ಅಂದಿನಿಂದ ದಿನಾ ಸ್ನಾನವಾದ ಮೇಲೆ ಮಗುವಿಗೆ ಕಾಡಿಗೆ ಹಚ್ಚುವುದು ತುಳಸಿಯ ಪಾಲಿಗೆ ಬಂತು. ಒಂದು ದಿನ ತಪ್ಪಿದರೂ ವಿಡಿಯೋದಲ್ಲಿ ಅತ್ತೆ, "ನನ್ನ ಮೊಮ್ಮಗನ ಕಣ್ಣು ಯಾಕೆ ಬೋಳು ಬೋಳು?" ಎನ್ನುತ್ತಿದ್ದರು.

ರಂಜನಿ ಈಗ ಫೋನು ಹಿಡಿದು ಗರಾಜಿಗೆ ಹೋದಳು. ಗಂಡ ಶ್ರೀಕರ್ ಕೆಲಸದ ಮೇಲೆ ಆಸ್ಟಿನ್‌ಗೆ ಹೋಗಿದ್ದ. ಅವನ ಜೊತೆ ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ರಂಜನಿ ಕಣ್ಣೊರೆಸಿಕೊಂಡಾಗಿತ್ತು. ಕೈಯಲ್ಲಿ ಮಗುವಿನ ಕಾಡಿಗೆ ಡಬ್ಬಿ.

"ತುಳಸಿ, ಆರೋಗ್ಯ ಇಲಾಖೆಯ ನರ್ಸ್ ಮನೆ ನೋಡೋಕೆ ಬರ್ತಾರಂತೆ. ಇದು ನಿಂದು ಅಂತ ಹೇಳು. ಊರಿಂದ ತಂದಿದ್ದೆ, ಇವರಿಗೆ ಗೊತ್ತಿಲ್ದೆ ಹಚ್ತಿದ್ದೆ ಅಂತ."

ಅಳುವ ಮಗುವನ್ನು ಸೊಂಟಕ್ಕೇರಿಸಿಕೊಳ್ಳುತ್ತಿದ್ದ ತುಳಸಿಗೆ ಮೊದಲು ತಾನು ಕೇಳಿದ್ದೇ ಸರಿಯೋ ಎನಿಸಿತು. "ಹಚ್ಚಿದಾಕಿ ನಾನ ಅನ್ನೂದು ಖರೆರಿ. ಹಚ್ಚು ಅಂದವರು ನೀವಲ್ರಿ?"

"ಹಾಗಂದ್ರೆ ತಾಯಿನೇ ಮಗೂಗೆ ವಿಷ ಹಚ್ಚಿಸಿದ್ಲು ಅಂತ ಬರ್ಕೋತಾರೆ. ಮಗೂನ ನನ್ನಿಂದ ಕಿತ್ಕೊಂಡ್ರೆ? ನಿನಗೇನು, ಹೆಚ್ಚೆಂದ್ರೆ ಏಜೆನ್ಸಿಯವರು ವಾಪಸ್ ಕಳಿಸ್ತಾರೆ. ಟಿಕೆಟ್ ನಾವೇ ಮಾಡಿಸ್ತೀವಿ. ಶ್ರೀಕರ್ ಒಪ್ಪಿದಾರೆ."

ಮಾತು ಆಗಲೇ ಟಿಕೆಟ್ಟಿನವರೆಗೆ ಹೋಗಿತ್ತು. ಮಗುವಿಗೆ ವಿಷ ಹಚ್ಚಿದವಳು ಎಂಬ ಮಾತು ಬೆನ್ನಿಗಂಟಿದರೆ ಧಾರವಾಡದಲ್ಲೇ ಆಗಲಿ ಮತ್ತೆ ಯಾವ ತಾಯಿ ತುಳಸಿಯ ಕೈಗೆ ಮಗು ಕೊಟ್ಟಾಳು?

"ಅಷ್ಟು ಸುಳ್ಳು ಹೇಳಿದ್ರ ಅವರರ ನಂಬತಾರೇನ್ರಿ?"

"ನಂಬದೇ ಏನು? ನಿನ್ನ ಕಣ್ಣು ನೋಡ್ಕೋ."

ಎದುರಿನ ಓವನ್ನಿನ ಗಾಜಿನಲ್ಲಿ ಅವಳ ಮುಖ ಕಂಡಿತು. ಬೆಳಿಗ್ಗೆ ತೀಡಿಕೊಂಡ ಕಪ್ಪು ಗೆರೆ ಎರಡು ಕಣ್ಣಲ್ಲೂ ಅಚ್ಚುಕಟ್ಟಾಗಿ ಕೂತಿತ್ತು. ಅದೇ ಬಾಗಿನದ ಕಾಡಿಗೆ. ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸೋಣ ಎಂಬ ಮಾತು ರಂಜನಿಯ ಬಾಯಿಗೆ ಬರಲಿಲ್ಲ. ಮಗುವಿನ ಕಣ್ಣಲ್ಲಿ ವಿಷವಾದದ್ದು ತುಳಸಿಯ ಕಣ್ಣಲ್ಲಿ ಬರೀ ಸಾಕ್ಷಿ. ಅಜ್ಜ ಸಂಜೆ ಹೊತ್ತು ರಾಗವಾಗಿ ಓದುತ್ತಿದ್ದ ಪುರಾಣದಲ್ಲಿ ಲೋಕದ ವಿಷವನ್ನೆಲ್ಲ ಒಬ್ಬನೇ ಕುಡಿದ ದೇವರಿದ್ದ. ವಿಷ ತಂದವನೂ ನೀನೇ ಅಂತ ಹೇಳು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

"ತಗೋ, ನಿನ್ನ ರೂಮಲ್ಲಿಟ್ಕೋ," ರಂಜನಿಯ ದನಿ ಒಡೆಯಿತು. "ತಂಗಿ ಅಂತ ಕೇಳ್ತಿದೀನಿ ಕಣೇ."

ಹಬ್ಬದ ದಿನ ಚಾಚಿದ ಅಂಗೈಯೇ ಮುಂದೆ ಬಂತು. ಡಬ್ಬಿಯ ಮುಚ್ಚಳದ ಸಂದಿನಲ್ಲಿ ಅಂದಿನ ಅರಿಶಿನ ಇನ್ನೂ ಅಂಟಿಕೊಂಡಿತ್ತು. ಅಳು ಮರೆತ ಸುಮುಖ ಅದಕ್ಕೆ ಕೈ ನೀಡಿದ. ತುಳಸಿ ಅವನ ಕೈ ಹಿಡಿದು, ಆಚೆ ಸೊಂಟಕ್ಕೆ ಬದಲಿಸಿಕೊಂಡಳು.

"ಒಲ್ಲೆರಿ, ಅಕ್ಕಾರ."