ಬೇಡ ಅಂದರೆ ಬರುವ ನಾಯಿ

ಅವಳು "ಬೇಡ" ಅಂದದ್ದೇ ತಡ, ನಾಯಿ ಬಾಲ ಅಲ್ಲಾಡಿಸುತ್ತ ಅಂಗಡಿಯೊಳಗೆ ನುಗ್ಗಿ ಅವಳ ಕಾಲ ಬುಡದಲ್ಲಿ ಕೂತುಬಿಟ್ಟಿತು.

"ನೋಡಿ, ಕರೆದೇಬಿಟ್ರಲ್ಲ!" ಮೇಲಿನ ಮನೆಯ ಡ್ರೈವರ್ ನಕ್ಕ. ಬೀದಿಯಲ್ಲಿ ಅವನ ಸಾಮಾನು ತುಂಬಿದ ಗಾಡಿ ನಿಂತಿತ್ತು. ಬೇರೆ ಊರಿಗೆ ವರ್ಗವಾಗಿದೆ, ಅಲ್ಲಿ ಮನೆ ಸಿಗುವ ತನಕ ನಾಯಿಯನ್ನು ಇಟ್ಟುಕೊಳ್ಳಿ ಎಂದು ಕೇಳಲು ಬಂದಿದ್ದ.

"ನಾನೆಲ್ಲಿ ಕರೆದೆ? ಬೇಡ ಅಂದೆ ಕಣಪ್ಪಾ."

"ಅದೇ ಅದರ ಹೆಸರು! ಮರಿ ಇದ್ದಾಗ ಚಪ್ಪಲಿ ಕಚ್ಚಿದ್ರೆ ಬೇಡ, ಮಂಚ ಹತ್ತಿದ್ರೆ ಬೇಡ, ಬಾಗಿಲು ಕೆರೆದ್ರೆ ಬೇಡ. ಬಂದೋರು ಹೋದೋರೆಲ್ಲ ಮುಖ ನೋಡಿ ಅದನ್ನೇ ಹೇಳ್ತಿದ್ರೆ ಪಾಪ ಅದು ಏನಂದ್ಕೊಳ್ಳುತ್ತೆ? ನಾನೊಂದು ಚೆಂದದ ಹೆಸರಿಟ್ಟಿದ್ದೆ. ನನಗೇ ಮರೆತುಹೋಗಿದೆ."

ಅವಳು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವನು ಗಾಡಿ ಹತ್ತಿಯಾಗಿತ್ತು.

ಫೋಟೊಗಳಿಗೆ ಫ್ರೇಮ್ ಹಾಕುವ ಕೆಲಸ ಅವಳದು. ಮೊದಲು ಗಂಡ ಗಾಜು ಕತ್ತರಿಸುತ್ತಿದ್ದ, ಅವಳು ಫ್ರೇಮಿನ ಮೂಲೆ ಕೂಡಿಸುತ್ತಿದ್ದಳು. ಅವನು ತೀರಿಕೊಂಡ ಮೇಲೆ ಕೆಲಸ ಎರಡಾಯಿತು, ಮಾತು ಮಾತ್ರ ಒಂದಕ್ಕಿಳಿಯಿತು. ಪಕ್ಕದಂಗಡಿಯವಳು ಚಹಾ ತಂದರೆ ಬೇಡ. ಅಕ್ಕ ಮನೆಗೆ ಕರೆದರೆ ಬೇಡ. ನಿಜಕ್ಕೂ ಬೇಡವಾಗಿತ್ತೋ, ಬಾಯಿಗೆ ರೂಢಿಯಾಗಿತ್ತೋ, ಅವಳು ಬಿಡಿಸಿ ನೋಡಲು ಹೋಗಿರಲಿಲ್ಲ. ಆ ಮಾತು ಆಡಿದರೆ ಜನ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು, ಅಷ್ಟು ಸಾಕಿತ್ತು. ಈಗ ಆಡಿದಾಗಲೆಲ್ಲ ನಾಯಿ ಎಲ್ಲಿದ್ದರೂ ಎದ್ದು ಬಂದು ಮಡಿಲಿಗೆ ಮೂತಿ ಇಡುತ್ತಿತ್ತು. ಬೇರೆ ಹೆಸರಿಟ್ಟು ಕರೆದರೆ ಪರದೇಶಿಯನ್ನು ನೋಡುವ ಹಾಗೆ ನೋಡುತ್ತಿತ್ತು.

ಅಕ್ಕನ ಫೋನು ಬಂತು. "ಭಾನುವಾರ ಊಟಕ್ಕೆ ಬರ್ತೀಯೇನೇ?"

"ಬೇ..." ಅನ್ನುವಾಗಲೇ ಮೇಜಿನಡಿ ನಿದ್ದೆಹೋಗಿದ್ದ ನಾಯಿಯ ಕಿವಿ ನೆಟ್ಟಗಾಯಿತು. ಪಾಪ, ಮಲಗಲಿ ಎಂದು ಅವಳು ಉಳಿದದ್ದನ್ನು ನುಂಗಿಕೊಂಡಳು.

"ಬೇ ಅಂದ್ರೆ? ಕುರಿ ಸಾಕಿದ್ದೀಯಾ?"

"ಕುರಿ ಅಲ್ಲ, ನಾಯಿ."

"ನಾಯಿ ಯಾವಾಗಿಂದ ಬೇ ಅನ್ನುತ್ತೆ? ಸರಿ, ಬರ್ತೀಯೋ ಇಲ್ವೋ ಹೇಳು ಮಾರಾಯ್ತಿ."

"ನೋಡೋಣ."

"ನೋಡೋಣ ಅಂದೆಯಲ್ಲ, ಅಷ್ಟು ಸಾಕು. ಅಕ್ಕಿ ಒಂದು ಪಾವು ಜಾಸ್ತಿ ಹಾಕ್ತೀನಿ."

ಹೀಗೆ ಅವಳು ಹೋದಳು. ಹೋಗಿ, ಊಟದ ನಡುವೆ ಭಾವ ಹೇಳಿದ ಯಾವುದೋ ಹಳಸಲು ಜೋಕಿಗೆ ನಕ್ಕುಬಿಟ್ಟಳು. ನಕ್ಕದ್ದು ತಾನೇ ಹೌದೋ ಅಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಳು. ಖುಷಿಯಾಗಿತ್ತೇ? ತಪ್ಪು ಮಾಡಿದ ಹಾಗಾಗಿತ್ತೇ? ಎರಡರ ರುಚಿಯೂ ಬಾಯಲ್ಲಿತ್ತು.

ಒಂದು ಮಧ್ಯಾಹ್ನ ದೊಡ್ಡ ಗಾಜಿನ ಹಾಳೆಯೊಂದು ಅವಳ ಕೈಜಾರಿ ನೆಲಕ್ಕೆ ಬಿದ್ದು ಚೂರಾಯಿತು. ನಾಯಿ ಬೆಚ್ಚಿ ಎದ್ದು ನಿಂತಿತು.

"ಬೇಡ!" ಅವಳು ಕಿರುಚಿದಳು.

ಇಷ್ಟು ಜೋರಾಗಿ, ಇಷ್ಟು ಜೀವ ತುಂಬಿ ಅದನ್ನು ಯಾರೂ ಎಂದೂ ಕರೆದಿರಲಿಲ್ಲ. ನಾಯಿ ಚೂರುಗಳ ಮೇಲೇ ನೆಗೆದು ಬಂದು ಅವಳ ಎದೆಗೆ ಬಿತ್ತು.

ಅವಳು ನೆಲದಲ್ಲಿ ಕೂತು ಅದರ ರಕ್ತ ಸೋರುವ ಪಾದದಿಂದ ಚಿಮಟದಲ್ಲಿ ಗಾಜು ಕೀಳುತ್ತ ಒಂದೇ ಸಮನೆ ಬೈದಳು. "ಯಾಕೆ ಬಂದೆ? ಹೇಳಿದ್ದು ಅರ್ಥ ಆಗಲ್ವಾ? ಬಿಟ್ಟುಹೋಗು ಅಂದ್ರೆ ಬಿಟ್ಟುಹೋಗೋದಕ್ಕೇನು ರೋಗ? ಉಳಿದೋರೆಲ್ಲ ಹೋಗಲಿಲ್ವಾ?" ಬೈಗುಳ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ನಡುವೆಯೇ ನಿಲ್ಲಿಸಿದಳು. ನಾಯಿ ಅವಳ ಗಲ್ಲ ನೆಕ್ಕುತ್ತಿತ್ತು. ಗಲ್ಲ ಒದ್ದೆಯಾದದ್ದು ಅವಳಿಗೆ ಆಗ ಗೊತ್ತಾಯಿತು.

ಸದ್ದಿಗೆ ಪಕ್ಕದಂಗಡಿಯವಳು ಓಡಿಬಂದಳು. "ಅಯ್ಯೋ, ಏನಾದ್ರೂ ತರಲೇನ್ರೀ?"

ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ನಾಯಿ ಮತ್ತೆ ಕುಣಿದಾಡಿ ಪಾದ ಸೀಳಿಕೊಂಡೀತು. "ಸ್ವಲ್ಪ ನೀರು," ಅಂದಳು ಅವಳು. "ಒಂದು ಹಳೆ ಬಟ್ಟೆ. ಮತ್ತೆ... ಒಂಚೂರು ಇಲ್ಲೇ ಕೂತಿರಿ."

ಪಾದದ ಗಾಯ ಮಾಯುವ ಹೊತ್ತಿಗೆ ಡ್ರೈವರ್ ಬಂದ, ಕೈಯಲ್ಲಿ ಹೊಸ ಬೆಲ್ಟು. ನಾಯಿ ಹಾರಿ ಅವನ ಮುಖ ನೆಕ್ಕಿತು, ಓಡಿ ಅವಳ ಬಳಿಗೆ ಬಂತು, ಮತ್ತೆ ಅವನ ಬಳಿಗೆ ಹೋಯಿತು, ಕೊನೆಗೆ ಇಬ್ಬರ ನಡುವೆ ಸೋತು ಕೂತಿತು.

"ಮನೆ ಸಿಕ್ತು. ಹಿತ್ತಲೂ ಇದೆ," ಅಂದ ಅವನು. ಅವಳ ಮುಖ ನೋಡಿ ದನಿ ತಗ್ಗಿಸಿದ. "ಇರಲಿ ಅಂದ್ರೆ ಬಿಟ್ಟುಹೋಗ್ತೀನಿ. ನನಗೇನು, ದಿನವೆಲ್ಲ ರಸ್ತೆ ಮೇಲೆ. ಆದ್ರೆ ನೀವು ಬಾಯ್ಬಿಟ್ಟು ಹೇಳ್ಬೇಕು. ಆಮೇಲೆ ನಾನು ನಿಮ್ಮ ಕೊರಳಿಗೆ ಕಟ್ಟಿದೆ ಅನ್ನಬಾರದು."

ಅವಳು ನಾಯಿಯನ್ನು ನೋಡಿದಳು. ಕಳಿಸಿದರೆ ಕೂದಲು ಗುಡಿಸುವ ಕಾಟವಿಲ್ಲ, ಯಾರಿಗೆ ಎಷ್ಟು ಸಲ ಬೇಕಾದರೂ ಬೇಡ ಅನ್ನಬಹುದು, ಅಂಗಡಿ ಮೊದಲಿನ ಹಾಗೆ ತಣ್ಣಗಿರುತ್ತದೆ. ಅದು ಒಳ್ಳೆಯದೇ ಅಲ್ಲವೇ? ಹತ್ತಿರ ಕರೆಯಬೇಕೆಂದರೂ ಅದೇ ಮಾತು, ಕಳಿಸಿಬಿಡಬೇಕೆಂದರೂ ಅದೇ ಮಾತು.

"ಬೇಕು," ಅಂದಳು, ಬೇರೆ ಯಾರದೋ ಭಾಷೆ ಉಚ್ಚರಿಸುವ ಹಾಗೆ.

"ಏನಂದ್ರಿ? ಕೇಳಿಸ್ಲಿಲ್ಲ."

"ಬೇಕು ಅಂದೆ. ನನಗೆ ಬೇಕು."

ಬೇರೆ ಯಾರನ್ನೋ ಕರೆದರು ಅಂದುಕೊಂಡು ನಾಯಿ ಬಾಗಿಲ ಕಡೆ ತಿರುಗಿ ನೋಡಿತು.