ನಾಮಿನಿ

ಮದುವೆಗೆಂದು ಅಪ್ಪ ಕೊಡಿಸುತ್ತಿದ್ದ ದುಬಾರಿ ಕಾರು ನನ್ನ ಹೆಸರಿನಲ್ಲೇ ನೋಂದಣಿಯಾಗಬೇಕಿತ್ತು. ಅದೊಂದು ಅಪ್ಪನ ಹಟ. ಶೋರೂಮಿನಲ್ಲಿ ಸನ್‌ರೂಫು, ಚರ್ಮದ ಸೀಟುಗಳನ್ನೆಲ್ಲ ನನ್ನನ್ನು ಮದುವೆಯಾಗಲಿದ್ದ ಹುಡುಗನೇ ಆರಿಸಿದ.

“ಆಟೊಮ್ಯಾಟಿಕ್ ಗೇರ್ ಇರಲಿ, ನಾನೂ ಕಲೀತೀನಿ,” ಎಂದೆ.

“ನಮ್ಮನೇಲಿ ಹೆಣ್ಮಕ್ಕಳು ಸ್ಟೇರಿಂಗ್ ಮುಟ್ಟಲ್ಲಮ್ಮ. ಹಿಂದಿನ ಸೀಟಲ್ಲಿ ರಾಣಿ ಥರ ಕೂತ್ಕೊ,” ಎಂದರು ಅವನ ತಾಯಿ. ಹುಡುಗ ನಕ್ಕ.

ಸೇಲ್ಸ್‌ಮನ್ ವಿಮೆಯ ಅರ್ಜಿ ತೆರೆದ. “ಅಪಘಾತದಲ್ಲಿ ಓನರ್ ತೀರಿಕೊಂಡ್ರೆ ನಾಮಿನಿಗೆ ಹದಿನೈದು ಲಕ್ಷ ಬರುತ್ತೆ.”

“ನಾಮಿನಿ ನನ್ನ ಮಗ. ಬರ್ಕೊಳ್ಳಪ್ಪ,” ಎಂದರು ತಾಯಿ.

“ಆದ್ರೆ ಓನರ್‌ಗೆ ಲೈಸೆನ್ಸ್ ಇರಬೇಕು ಮೇಡಂ, ಗಾಡಿ ಅವರೇ ಓಡಿಸ್ತಿರಬೇಕು.”

ಅವರು ನನ್ನ ಕಡೆ ತಿರುಗಿ, ಮೊದಲ ಸಲ ನನ್ನ ತಲೆ ಸವರಿದರು.

“ನಾಳೇನೇ ಡ್ರೈವಿಂಗ್ ಸ್ಕೂಲಿಗೆ ಸೇರ್ಕೊ, ಪುಟ್ಟಿ.”