ಚಕ್ರದೊಳಗಿನ ಕುಂಕುಮ

ಚಕ್ರದ ಸಂದಿಯಿಂದ ಕೆಂಪಗೆ ಏನೋ ಇಳಿಯುತ್ತಿರುವುದನ್ನು ಮೊದಲು ನೋಡಿದವಳು ಶಾಂತಮ್ಮ. ಎಲೆಅಡಿಕೆ ಹಾಕಿಕೊಂಡ ಬಾಯಿಯ ಹಾಗೆ ಹಿಂದಿನ ಎರಡೂ ಚಕ್ರ ನಡುವಿನಲ್ಲಿ ಕೆಂಪಾಗಿದ್ದವು. ಗಂಡ ಉಜ್ಜನಪ್ಪ ಆಗಲೇ ಗಾಡಿ ಏರಿ, ಮದುವಣಿಗನ ಗತ್ತಿನಲ್ಲಿ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬಂದಿದ್ದ.

ಗಾಡಿ ಎಂದರೆ ಕಂಪನಿಯವರು ಎಟಿವಿ ಎಂದೂ ಗಾಜನೂರಿನವರು ಡುಮ್ಮ ಬೈಕು ಎಂದೂ ಕರೆಯುವ ನಾಲ್ಕು ಚಕ್ರದ ವಾಹನ. ಗೊಬ್ಬರ ಸಾಗಿಸಲು ತಂದದ್ದು. ಹೋದ ತಿಂಗಳು ಅದು ನಾಲೆ ಏರಿಯಿಂದ ಮಗುಚಿದಾಗ ಗದ್ದೆಯ ಕೆಸರಿನಲ್ಲಿ ಉಜ್ಜನಪ್ಪನ ಎರಡು ಪಾದ ಮಾತ್ರ ಹೊರಗೆ ಕಂಡಿದ್ದವು. ಕೆಸರು ಮೆತ್ತಗಿದ್ದರಿಂದ ಆತ ಬದುಕಿದ. ಮೀಸೆ ತೊಳೆಯಲಿಕ್ಕೇ ಮೂರು ಬಕೆಟ್ ನೀರು ಬೇಕಾಯಿತು ಎಂದು ಊರಿಗೆಲ್ಲ ತಾನೇ ಹೇಳಿಕೊಂಡು ನಕ್ಕ. ಶಾಂತಮ್ಮ ನಗಲಿಲ್ಲ. ಆ ಪಾದಗಳನ್ನು ನೋಡಿದವಳು ಅವಳು. ಗಾಡಿ ಮಾರಿ, ಇಲ್ಲವೇ ಅದು ಮಗುಚದ ಹಾಗೆ ಏನಾದರೂ ಮಾಡಿ ಎಂದು ಹಟ ಹಿಡಿದಿದ್ದಳು.

ಅದಕ್ಕೇ ಈ ಭಾನುವಾರ ಮಗಳು ಕವನ ಭದ್ರಾವತಿಯಿಂದ ಬಂದಿದ್ದಳು. ಓಲ್ಡ್ ಟೌನಿನ ಒಂದು ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ. ಆ ಗಾಡಿಯ ಅಳತೆಗೇ ಹೊಂದುವ ಎರಡು ಸ್ಪೇಸರ್ ತಂದಿದ್ದಳು. ಚಕ್ರಕ್ಕೂ ಅಚ್ಚಿಗೂ ನಡುವೆ ಕೂರಿಸುವ, ಒಂದೂವರೆ ಇಂಚು ದಪ್ಪದ ಲೋಹದ ಬಿಲ್ಲೆಗಳು ಅವು. ಚಕ್ರ ಅಷ್ಟು ಹೊರಗೆ ಬಂದರೆ ಗಾಡಿ ಕಾಲಗಲಿಸಿ ನಿಂತ ಹಾಗೆ, ಸುಲಭಕ್ಕೆ ಮಗುಚುವುದಿಲ್ಲ. ಚಕ್ರ ಬಿಚ್ಚಿ, ಸ್ಪೇಸರ್ ಕೂರುವ ಜಾಗವನ್ನು ತುಕ್ಕು ಧೂಳಿಲ್ಲದಂತೆ ಉಜ್ಜಿ, ಇದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ರೊಟ್ಟಿ ತಿನ್ನಲು ಒಳಗೆ ಹೋದಳು.

ಎರಡನೇ ರೊಟ್ಟಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಲಿಂಗಮ್ಮ ಪೂಜೆ ಮುಗಿಸಿದ್ದರು. ಹೊಸ ಸಾಮಾನು, ಪೂಜೆ ಇಲ್ಲದೆ ಹೇಗೆ? ಉದುರದಿರಲೆಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಸ್ಪೇಸರುಗಳ ಎರಡೂ ಮುಖಕ್ಕೆ ಧಾರಾಳವಾಗಿ ಬಳಿದಿದ್ದರು. ಮೇಲೆ ವಿಭೂತಿ. ಉಜ್ಜನಪ್ಪ ಅದರ ಮೇಲೇ ಚಕ್ರ ಹಾಕಿ ಬಿಗಿದಿದ್ದ.

ಶಾಂತಮ್ಮ ಕೂಗಿದ್ದಕ್ಕೆ ಕವನ ಎಂಜಲು ಕೈಯಲ್ಲೇ ಓಡಿಬಂದು ನೋಡಿದಳು. ನಡುವೆ ಎಣ್ಣೆಯೋ ಪುಡಿಯೋ ಇದ್ದರೆ ಗಾಡಿ ಓಡಿದಂತೆಲ್ಲ ಅದು ಹಿಂಡಿ ಹೊರಬರುತ್ತದೆ, ಅಷ್ಟಷ್ಟೇ ನಟ್ಟು ಸಡಿಲವಾಗುತ್ತದೆ, ಒಂದು ದಿನ ಅಪ್ಪನಿಗಿಂತ ಮುಂಚೆ ಚಕ್ರ ಮನೆಗೆ ಬರುತ್ತದೆ ಎಂದಳು. ಎಲ್ಲ ಬಿಚ್ಚಿ, ಎಣ್ಣೆ ಬಿಡಿಸುವ ಥಿನ್ನರ್ ಹಾಕಿ ಒರೆಸಲೇಬೇಕು.

"ದೇವರನ್ನ ಥಿನ್ನರ್ ಹಾಕಿ ಒರೆಸ್ತೀಯೇನೇ?" ಲಿಂಗಮ್ಮ ಚಕ್ರದ ಪಕ್ಕ ಕುಕ್ಕರಿಸಿಯೇ ಬಿಟ್ಟರು.

"ದೇವರನ್ನಲ್ಲ ಅಜ್ಜಿ, ಎಣ್ಣೇನ."

"ಎಣ್ಣೆ ಮೇಲೆ ಕೂತಿರೋದು ಯಾರು ಮತ್ತೆ?"

ಉಜ್ಜನಪ್ಪನಿಗೆ ಇದು ಅನುಕೂಲವೇ ಆಯಿತು. ತಾನು ಬಿಗಿದ ನಟ್ಟನ್ನು ಎಮ್ಮೆ ಎಳೆದರೂ ಅಲ್ಲಾಡಿಸಲಾರದು, ಪೂಜೆ ಬೇರೆ ಆಗಿದೆ, ನಾಲೆ ಏರಿ ಮೇಲೆ ಹೋಗಿ ಬರುತ್ತೇನೆ ಎಂದು ಕೀಲಿ ತಿರುಗಿಸಿದ. ಇಪ್ಪತ್ತಾರು ವರ್ಷದಲ್ಲಿ ಅತ್ತೆಯ ಪೂಜೆಯ ವಿಷಯಕ್ಕೆ ಬಾಯಿ ಹಾಕಿದವಳಲ್ಲ ಶಾಂತಮ್ಮ. ಈಗ, ಸಾರಿಗೆ ಉಪ್ಪು ಹಾಕಿದ್ದೀರಾ ಎಂದು ಕೇಳುವ ದನಿಯಲ್ಲಿ ಕೇಳಿದಳು.

"ಅತ್ತೆ, ಪೂಜೆಯೇನೋ ಆಯ್ತು. ಕದಲಿಸಿದ್ರಾ?"

ಲಿಂಗಮ್ಮ ತಲೆ ಎತ್ತಿದರು.

"ಗೌರಿ ಕಲಶ ಕದಲಿಸ್ತೀರ, ಗಣಪತಿನ ನೀರಿಗೆ ಬಿಟ್ಟು ಕಳಿಸ್ತೀರ. ಇಲ್ಲಿ ಕದಲಿಸ್ದೆ ಚಕ್ರದೊಳಗೆ ಕೂರ್ಸಿ ನಟ್ಟು ಬಿಗಿದ್ರೆ ದೇವರು ಹೊರಗೆ ಬರೋದು ಹೆಂಗೆ?"

ಲಿಂಗಮ್ಮ ಕಣ್ಣು ಮುಚ್ಚಿ ಯೋಚಿಸಿದರು. ಶಿವನನ್ನು ಗೊಬ್ಬರದ ಗಾಡಿಯಲ್ಲಿ ಕೂಡಿಹಾಕಿದ ಪಾಪ ಈ ವಯಸ್ಸಿನಲ್ಲಿ ಅವರಿಗೆ ಬೇಕಿರಲಿಲ್ಲ. "ಇಳಿಯೋ ಕೆಳಗೆ," ಎಂದರು ಮಗನಿಗೆ. "ಸ್ವಾಮಿ ಒಳಗೆ ಸಿಕ್ಕಾಕ್ಕೊಂಡಿದಾನೆ."

ಚಕ್ರ ಬಿಚ್ಚಿದರು. ಲಿಂಗಮ್ಮ ಮಂಗಳಾರತಿ ಎತ್ತಿದರು. ಕರ್ಪೂರ ಆರುವವರೆಗೂ ಕವನ, ಕಿಡಿ ತಾಗಿದರೂ ಹೊತ್ತಿಕೊಳ್ಳುವ ಥಿನ್ನರ್ ಡಬ್ಬಿ ಹಿಡಿದು ಹಿತ್ತಿಲಿನಲ್ಲಿ ನಿಂತಿದ್ದಳು. ಅಜ್ಜಿ ಸ್ಪೇಸರುಗಳನ್ನು ಮೂರು ಸಲ ಕದಲಿಸಿ, ಇನ್ನು ಇದು ಬರೀ ಕಬ್ಬಿಣ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅಪ್ಪಣೆ ಕೊಟ್ಟರು. ಎಲ್ಲ ಒರೆಸಿ ಒಣಗಿದ ಮೇಲೆ ಕವನ, ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ಟಾರ್ಕ್ ರೆಂಚಿನಲ್ಲಿ ಎದುರುಬದುರು ನಟ್ಟುಗಳನ್ನು ಬಿಗಿದಳು. ಸ್ಪೇಸರಿಗೆ ನಾಲ್ಕು, ಅದರ ಮೇಲೆ ಚಕ್ರಕ್ಕೆ ನಾಲ್ಕು. ಎರಡು ಕಡೆಗೆ ಹದಿನಾರು. ಸಮ ರಸ್ತೆಯಲ್ಲಿ ನಿಧಾನಕ್ಕೆ ಹೋಗಿಬಂದು ಮತ್ತೆ ಚಕ್ರ ಬಿಚ್ಚಿ ಹದಿನಾರನ್ನೂ ಟಕ್ ಎನ್ನಿಸಿ ನೋಡಬೇಕು ಎಂದಳು.

"ಇನ್ನೊಂದು ಮಾತು ಅಪ್ಪ. ಗಾಡಿ ಅಗಲ ಆಗಿದೆ, ನಾಲೆ ಏರಿ ಅಗಲ ಆಗಿಲ್ಲ."

ಉಜ್ಜನಪ್ಪ ಹೆಲ್ಮೆಟ್ ಹಾಕಿಕೊಂಡು ಡ್ಯಾಮಿನ ರಸ್ತೆಯವರೆಗೆ ಹೋಗಿ, ಎರಡೂ ಕಾಲ ಮೇಲೆ ನಡೆದೇ ಒಳಗೆ ಬಂದ. ಕವನಳ ಬಸ್ಸು ಹೊರಟುಹೋಗಿತ್ತು. ಎಲ್ಲ ಗಟ್ಟಿಯಾಗಿದೆ, ಮತ್ತೆ ಯಾರು ಬಿಚ್ಚುತ್ತಾರೆ ಎಂದು ಗೊಣಗಿದ. ಶಾಂತಮ್ಮ ಮಗಳು ಬಿಟ್ಟುಹೋಗಿದ್ದ ರೆಂಚನ್ನು ಅವನ ಕೈಗಿಟ್ಟು, ಕಾಫಿಗೆ ಹಾಲಿಡಲು ಹೋದಳು. ಅಡುಗೆಮನೆಯ ಕಿಟಕಿಯಿಂದ ಟಕ್, ಟಕ್ ಎಂಬ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು, ಚಪ್ಪಲಿ ಮೆಟ್ಟಿದ ಸಪ್ಪಳವಾಯಿತು. ಅವಳು ಸೌಟು ಕೆಳಗಿಟ್ಟು ಕಿಟಕಿಯಲ್ಲಿ ಬಗ್ಗಿದಳು.

ಲಿಂಗಮ್ಮ ಕಟ್ಟೆಯ ಮೇಲೆ ಕೂತಿದ್ದರು, ಜಪ ಎಣಿಸುವಾಗಿನ ಹಾಗೆ ಹೆಬ್ಬೆರಳು ಬೆರಳ ಗೆರೆಯ ಮೇಲೆ.

"ಎಲ್ಲಿಗೋ ಎದ್ದೆ? ಹದಿನೈದೇ ಆಗಿದ್ದು."